ಪ್ಲೇಗಿನ ಊರು ಹೊತ್ತ ಹರಕೆ

ಇಟಲಿಯ ವೆನಿಸ್ ನಗರಕ್ಕೆ ನವೆಂಬರ್ ತಿಂಗಳು ಪ್ರವಾಸಿಗರ ಕಾಲವಲ್ಲ. ಮಂಜು, ಚಳಿ, ಆಗಾಗ ಬೀದಿಗೇ ನುಗ್ಗಿಬಿಡುವ ಸಮುದ್ರದ ನೀರು. ಆದರೆ ಆ ತಿಂಗಳ 21ರಂದು ಊರಿಗೆ ಊರೇ ಮನೆಯಿಂದ ಹೊರಬೀಳುತ್ತದೆ. ನಗರವನ್ನು ಎರಡಾಗಿ ಸೀಳಿಕೊಂಡು ಹರಿಯುವ ಮಹಾಕಾಲುವೆಯ ಮೇಲೆ, ವರ್ಷದ ಉಳಿದ ದಿನಗಳಲ್ಲಿ ಇಲ್ಲದ ಒಂದು ತೇಲು ಸೇತುವೆ ಹಬ್ಬದ ಹೊತ್ತಿಗೆ ಎದ್ದು ನಿಲ್ಲುತ್ತದೆ. ಕೈಯಲ್ಲಿ ಮೇಣದ ಬತ್ತಿ ಹಿಡಿದ ಅಜ್ಜಿಯರು, ಹೆಗಲ ಮೇಲೆ ಕೂಸನ್ನು ಹೊತ್ತ ಅಪ್ಪಂದಿರು, ಶಾಲೆಗೆ ರಜೆ ಸಿಕ್ಕ ಮಕ್ಕಳು ಆ ಸೇತುವೆ ದಾಟಿ, ನೀರಿನ ಅಂಚಿಗೇ ನಿಂತಿರುವ ಬಿಳಿಯ ಗುಮ್ಮಟದ ಚರ್ಚಿನೊಳಗೆ ಹೋಗುತ್ತಾರೆ. ಬತ್ತಿ ಹಚ್ಚಿ, ಕೈಮುಗಿದು, ಇನ್ನೊಂದು ಬಾಗಿಲಿನಿಂದ ಹೊರಬರುತ್ತಾರೆ. ಹೊರಗೆ ಮಿಠಾಯಿ ಅಂಗಡಿ, ಬಲೂನು, ಜಾತ್ರೆಯ ಗದ್ದಲ.

ಚರ್ಚಿನ ಹೆಸರು ಸಾಂತಾ ಮರಿಯಾ ದೆಲ್ಲಾ ಸಲೂತೆ. ಅಂದರೆ ಆರೋಗ್ಯಮಾತೆ ಮರಿಯಮ್ಮನವರ ದೇವಾಲಯ. ಇಟಲಿಯ 'ಸಲೂತೆ' ಎಂಬ ಪದಕ್ಕೆ ಆರೋಗ್ಯ ಎಂಬ ಅರ್ಥವಿದೆ. ಅದರ ಮೂಲವಾದ ಲ್ಯಾಟಿನ್ ಪದಕ್ಕೆ ಆರೋಗ್ಯ, ರಕ್ಷಣೆ, ಉದ್ಧಾರ ಎಂಬ ಮೂರೂ ಅರ್ಥಗಳಿವೆ. ಕನ್ನಡದಲ್ಲಿ ಇವನ್ನು ಹೇಳಲು ಬೇರೆ ಬೇರೆ ಮಾತು ಬೇಕು. 1630ರಲ್ಲಿ ಪ್ಲೇಗಿಗೆ ಸಿಕ್ಕಿ ನರಳುತ್ತಿದ್ದ ವೆನಿಸ್‌ನ ಜನರಿಗೆ ಒಂದೇ ಮಾತು ಸಾಕಾಗಿತ್ತು. ದೇಹ ಉಳಿಯಬೇಕು, ಆತ್ಮವೂ ಉಳಿಯಬೇಕು, ಊರೂ ಉಳಿಯಬೇಕು. ಈ ಮೂರನ್ನೂ ಒಟ್ಟಿಗೆ ಬೇಡಿ ಇಡೀ ಗಣರಾಜ್ಯವೇ ಹೊತ್ತ ಹರಕೆಯ ಕಥೆ ಇದು. ಹರಕೆ ಹೊತ್ತ ಗಣರಾಜ್ಯ ಅಳಿದು ಎರಡು ಶತಮಾನ ದಾಟಿದೆ. ಹರಕೆ ಮಾತ್ರ ಈಗಲೂ ಸಲ್ಲುತ್ತಿದೆ.

ಬಡಗಿಯ ಜತೆ ಬಂದ ಮಾರಿ

17ನೇ ಶತಮಾನದ ವೆನಿಸ್ ಒಂದು ಸ್ವತಂತ್ರ ರಾಜ್ಯ. ರಾಜನಿಲ್ಲ; ಶ್ರೀಮಂತ ಮನೆತನಗಳವರು ಸೇರಿ ಆರಿಸುವ 'ಡೋಜೆ' ಎಂಬಾತ ಸಾಯುವತನಕ ರಾಜ್ಯದ ಮುಖ್ಯಸ್ಥ. ನಿಜವಾದ ಅಧಿಕಾರ ಸೆನೆಟ್ ಸಭೆಯ ಕೈಯಲ್ಲಿ. ಊರಿನ ಬದುಕೆಲ್ಲ ಹಡಗು ಮತ್ತು ವ್ಯಾಪಾರದ ಮೇಲೆ ನಿಂತಿತ್ತು. ಪೂರ್ವದ ಬಂದರುಗಳಿಂದ ಮೆಣಸು, ರೇಷ್ಮೆ, ಹತ್ತಿಯ ಜತೆಗೆ ರೋಗವೂ ಬರುತ್ತದೆ ಎಂಬುದನ್ನು ಈ ವ್ಯಾಪಾರಿಗಳು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಪ್ಲೇಗ್ ರೋಗಿಗಳಿಗೆಂದೇ 1423ರಲ್ಲಿ ಒಂದು ದ್ವೀಪದಲ್ಲಿ ಆಸ್ಪತ್ರೆ ತೆರೆದರು. 1468ರಲ್ಲಿ ಇನ್ನೊಂದು ದ್ವೀಪವನ್ನು ಶಂಕಿತರನ್ನೂ ಸರಕನ್ನೂ ತಡೆದಿಡಲು ಮೀಸಲಿಟ್ಟರು. 'ಕ್ವಾರಂಟೈನ್' ಎಂದು ಈಗ ಜಗತ್ತೆಲ್ಲ ಆಡುವ ಮಾತು, ನಲವತ್ತು ದಿನ ಎಂಬ ಅರ್ಥದ ಇಟಲಿಯ ಮಾತಿನಿಂದಲೇ ಹುಟ್ಟಿದ್ದು. ಆರೋಗ್ಯ ನೋಡಿಕೊಳ್ಳಲು ಪ್ರತ್ಯೇಕ ಅಧಿಕಾರಿಗಳ ಮಂಡಳಿಯೂ 15ನೇ ಶತಮಾನದ ಕೊನೆಯ ಹೊತ್ತಿಗೆ ಕಾಯಂ ಆಗಿತ್ತು. ಆ ಕಾಲದ ಯೂರೋಪಿನಲ್ಲಿ ಇಷ್ಟು ಎಚ್ಚರದ ಊರು ಇನ್ನೊಂದಿತ್ತೆನ್ನುವುದು ಕಷ್ಟ.

ಇಷ್ಟೆಲ್ಲ ಇದ್ದೂ ಪ್ಲೇಗ್ ಬಂದದ್ದು ಹಡಗಿನಲ್ಲಲ್ಲ, ನೆಲದ ಕಡೆಯಿಂದ. ಉತ್ತರ ಇಟಲಿಯ ಮಾಂಟುವಾ ಸಂಸ್ಥಾನದ ಗದ್ದುಗೆ ಯಾರಿಗೆ ಎಂಬ ಜಗಳ 1628ರಲ್ಲಿ ಯುದ್ಧವಾಗಿ ಬೆಳೆದಿತ್ತು. ಆಲ್ಪ್ಸ್ ಪರ್ವತ ದಾಟಿ ಬಂದ ಚಕ್ರವರ್ತಿಯ ಜರ್ಮನ್ ಕೂಲಿ ಸೈನಿಕರು ಹೋದಲ್ಲೆಲ್ಲ ಸೋಂಕು ಹರಡಿದರು. ವೆನಿಸ್ ಮಾಂಟುವಾದ ದೊರೆಯ ಪಕ್ಷ ವಹಿಸಿತ್ತು. 1630ರ ಜೂನ್‌ನಲ್ಲಿ ಆ ದೊರೆಯ ರಾಯಭಾರಿಯೊಬ್ಬ ಚಕ್ರವರ್ತಿಯ ಬಳಿಗೆ ಹೋಗುವ ದಾರಿಯಲ್ಲಿ ವೆನಿಸ್ ತಲುಪಿದ. ಅಧಿಕಾರಿಗಳು ನಿಯಮದಂತೆ ಆತನನ್ನು ಊರೊಳಕ್ಕೆ ಬಿಡದೆ ಸಾನ್ ಕ್ಲೆಮೆಂತೆ ಎಂಬ ದ್ವೀಪದಲ್ಲಿ ಇರಿಸಿದರು. ಎಷ್ಟಾದರೂ ರಾಯಭಾರಿ, ಆತನಿಗೆ ತಕ್ಕ ವಸತಿ ಬೇಡವೇ? ಮರಗೆಲಸಕ್ಕೆ ಊರಿನಿಂದ ಒಬ್ಬ ಬಡಗಿಯನ್ನು ಕಳುಹಿಸಿದರು. ರಾಯಭಾರಿ ದ್ವೀಪದಲ್ಲೇ ಸತ್ತ. ಬಡಗಿ ಕೆಲಸ ಮುಗಿಸಿ ಮನೆಗೆ ಬಂದ. ಮುಂದಿನ ಹದಿನೇಳು ತಿಂಗಳ ದುರಂತಕ್ಕೆ ಈ ಬಡಗಿಯ ಮನೆಯೇ ಮೊದಲ ಮೆಟ್ಟಿಲು ಎಂದು ಚರಿತ್ರೆಕಾರರು ಹೇಳುತ್ತಾರೆ.

ಆಗಿನ ವೆನಿಸ್‌ನ ಜನಸಂಖ್ಯೆ ಸುಮಾರು 1 ಲಕ್ಷ 40 ಸಾವಿರ. ಪ್ಲೇಗ್ ಕೊನೆಗೊಳ್ಳುವ ಹೊತ್ತಿಗೆ ನಗರವೊಂದರಲ್ಲೇ 46 ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಮೂವರಲ್ಲಿ ಒಬ್ಬರು ಎಂದರೆ ಲೆಕ್ಕ ಸರಿಹೋಗುತ್ತದೆ. ಯಾವ ರೋಗ, ಯಾವುದರಿಂದ ಬರುತ್ತದೆ ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಕೆಟ್ಟ ಗಾಳಿ ಎಂದವರಿದ್ದರು, ಗ್ರಹಗತಿ ಎಂದವರಿದ್ದರು, ಪಾಪದ ಫಲ ಎಂದವರಂತೂ ಎಲ್ಲೆಡೆ ಇದ್ದರು. ರೋಗಾಣುವನ್ನು ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂಡರ್ ಯೆರ್ಸಿನ್ ಗುರುತಿಸಿದ್ದು 1894ರಲ್ಲಿ.

ಸೆನೆಟ್ ಸಭೆಯ ನಿರ್ಣಯ

ವೆನಿಸ್ ಸರ್ಕಾರಕ್ಕೆ ಇಂಥ ಸಂಕಟ ಹೊಸದಾಗಿರಲಿಲ್ಲ. 1575ರಿಂದ 77ರವರೆಗೆ ಬಂದ ಪ್ಲೇಗಿನಲ್ಲೂ ಹೆಚ್ಚುಕಡಿಮೆ ಇಷ್ಟೇ ಜನ ಸತ್ತಿದ್ದರು. ಹೆಸರಾಂತ ಚಿತ್ರಕಾರ ಟಿಶಿಯನ್ ತೀರಿಕೊಂಡದ್ದು ಆ ದಿನಗಳಲ್ಲೇ. ಆಗ ಪಾದುವಾ ವಿಶ್ವವಿದ್ಯಾಲಯದ ಖ್ಯಾತ ವೈದ್ಯ ಜಿರೊಲಾಮೊ ಮೆರ್ಕುರಿಯಾಲೆ, ಇದು ನಿಜವಾದ ಪ್ಲೇಗೇ ಅಲ್ಲ ಎಂದು ಧೈರ್ಯವಾಗಿ ಸಾರಿ, ಕೊನೆಗೆ ತಲೆತಗ್ಗಿಸಬೇಕಾಯಿತು. ಆ ಬಾರಿ ಸೆನೆಟ್ ಯೇಸುವಿನ ಹೆಸರಿನಲ್ಲಿ ಹರಕೆ ಹೊತ್ತು, ವಾಸ್ತುಶಿಲ್ಪಿ ಪಲ್ಲಾಡಿಯೊನಿಂದ 'ರೆದೆಂತೋರೆ' ಅಂದರೆ ಉದ್ಧಾರಕನ ಚರ್ಚನ್ನು ಕಟ್ಟಿಸಿತ್ತು. ಈ ಸಲ ಹರಕೆ ತಾಯಿಯ ಹೆಸರಿಗೆ.

1630ರ ಅಕ್ಟೋಬರ್ 22ರಂದು ಸೆನೆಟ್ ನಿರ್ಣಯ ಅಂಗೀಕರಿಸಿತು. ಅದು ಸರ್ಕಾರಿ ಕಾಗದದ ಶೈಲಿಯಲ್ಲೇ ಇದ್ದ ನಿರ್ಣಯ: ದೇವಾಲಯ ಕಟ್ಟಲು 50 ಸಾವಿರ ಡ್ಯೂಕೆಟ್ ನಾಣ್ಯ, ಅದರ ಹೆಸರು ಸಾಂತಾ ಮರಿಯಾ ದೆಲ್ಲಾ ಸಲೂತೆ, ರೋಗ ತೊಲಗಿದ ಮೇಲೆ ಪ್ರತಿ ವರ್ಷ ಡೋಜೆ ಮತ್ತು ಸೆನೆಟ್ ಸದಸ್ಯರು ಮೆರವಣಿಗೆಯಲ್ಲಿ ಅಲ್ಲಿಗೆ ಹೋಗಿ ಕೃತಜ್ಞತೆ ಸಲ್ಲಿಸತಕ್ಕದ್ದು. ನಾಲ್ಕು ದಿನಗಳ ನಂತರ, ಅಕ್ಟೋಬರ್ 26ರ ಶನಿವಾರ, ಡೋಜೆ ನಿಕೊಲೊ ಕೊಂಟಾರಿನಿ ಸಂತ ಮಾರ್ಕನ ಬೆಸಿಲಿಕಾದಲ್ಲಿ ಜನರ ಮುಂದೆ ಹರಕೆಯನ್ನು ಗಟ್ಟಿಯಾಗಿ ಹೇಳಿದ.

ಇಲ್ಲಿ ಸ್ವಾರಸ್ಯದ ಸಂಗತಿಯೊಂದಿದೆ. ಈ ಕೊಂಟಾರಿನಿ ಪೋಪ್ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಭಕ್ತನಾಗಿರಲಿಲ್ಲ. 1606ರಲ್ಲಿ ವೆನಿಸ್‌ಗೂ ರೋಮ್‌ಗೂ ದೊಡ್ಡ ಜಟಾಪಟಿಯಾಗಿ, ಪೋಪ್ ಐದನೆಯ ಪೌಲ್ ಇಡೀ ಗಣರಾಜ್ಯದಲ್ಲಿ ಪೂಜೆ, ಸಂಸ್ಕಾರ ನಡೆಯಕೂಡದೆಂದು ಬಹಿಷ್ಕಾರ ಹಾಕಿದ್ದ. ಆಗ ಪೋಪನ ವಿರುದ್ಧ ವೆನಿಸ್‌ನ ಪರ ವಾದ ಹೂಡಿದ ಸನ್ಯಾಸಿ ಪಾವೊಲೊ ಸಾರ್ಪಿ ಕೊಂಟಾರಿನಿಯ ಆಪ್ತ. ಆ ಗಲಾಟೆಯಲ್ಲಿ ಹೊರಹಾಕಿದ ಜೆಸುಯಿಟ್ ಗುರುಗಳನ್ನು ವೆನಿಸ್ ಮತ್ತೆ ಒಳಗೆ ಬಿಟ್ಟುಕೊಂಡದ್ದು 1657ರಲ್ಲಿ! ಪೋಪನೊಡನೆ ಜಗಳವಾಡಿದ ಇದೇ ಜನ ಮರಿಯಮ್ಮನ ಮುಂದೆ ಮೊಣಕಾಲೂರಿದರು. ಅವರ ಕಣ್ಣಿಗೆ ಇದರಲ್ಲಿ ಯಾವ ವಿರೋಧವೂ ಕಾಣಲಿಲ್ಲ. ಯೇಸುವಿನ ತಾಯಿಯಾಗುವಳೆಂದು ದೇವದೂತ ಮರಿಯಳಿಗೆ ತಿಳಿಸಿದ ದಿನವಾದ ಮಾರ್ಚ್ 25ರಂದೇ, ಕ್ರಿ.ಶ. 421ರಲ್ಲಿ ತಮ್ಮ ಊರು ಹುಟ್ಟಿತೆಂದು ವೆನಿಸ್‌ನವರು ನಂಬಿದ್ದರು. ಹಾಗಾಗಿ ಆಕೆ ಅವರಿಗೆ ಊರ ತಾಯಿ. ಚರ್ಚಿನ ನೆಲದ ನಡುಮಧ್ಯೆ ಕೆತ್ತಿರುವ ಲ್ಯಾಟಿನ್ ಬರಹದ ತಾತ್ಪರ್ಯವೂ ಅದೇ: ಎಲ್ಲಿಂದ ಹುಟ್ಟೋ ಅಲ್ಲಿಂದಲೇ ರಕ್ಷಣೆ.

ಹದಿನೈದು ಶನಿವಾರಗಳು

ಹರಕೆಯ ಜತೆಗೆ ಸಾಮೂಹಿಕ ಪ್ರಾರ್ಥನೆಯೂ ಆರಂಭವಾಯಿತು. ಸತತ ಹದಿನೈದು ಶನಿವಾರ ಸಂತ ಮಾರ್ಕನ ಚೌಕದಲ್ಲಿ ಮೆರವಣಿಗೆ ನಡೆಸುವುದೆಂದು ತೀರ್ಮಾನವಾಗಿತ್ತು. ಕ್ಯಾಥೊಲಿಕರಿಗೆ ಶನಿವಾರ ಮರಿಯಮ್ಮನ ದಿನ. ಮೆರವಣಿಗೆಯಲ್ಲಿ ಹೊತ್ತು ಸಾಗಿದ್ದು 'ನಿಕೊಪೆಯಾ' ಎಂಬ ಹೆಸರಿನ ಮರಿಯಮ್ಮನ ಹಳೆಯ ಪಟ. ಗೆಲುವು ತರುವವಳು ಎಂದು ಆ ಗ್ರೀಕ್ ಹೆಸರಿಗೆ ಅರ್ಥ. 1204ರಲ್ಲಿ ಕಾನ್‌ಸ್ಟಾಂಟಿನೋಪಲನ್ನು ಲೂಟಿ ಮಾಡಿದಾಗ ವೆನಿಸ್‌ನವರ ಕೈಸೇರಿದ ಪಟ ಅದು. ಲೂಟಿಯ ವಸ್ತುವೇ ಊರ ರಕ್ಷಕಿಯಾದದ್ದನ್ನು ಚರಿತ್ರೆಯ ವ್ಯಂಗ್ಯವೆನ್ನಬೇಕು. ಆದರೆ ನಾಲ್ಕು ನೂರು ವರ್ಷಗಳ ಪೂಜೆಯ ಮುಂದೆ ಆ ಮೂಲ ಯಾರಿಗೂ ನೆನಪಾಗುತ್ತಿರಲಿಲ್ಲ.

ಕ್ಯಾಥೊಲಿಕರಲ್ಲದ ಓದುಗರಿಗಾಗಿ ಇಲ್ಲಿ ಒಂದು ಮಾತು ಹೇಳಬೇಕು. ಕ್ಯಾಥೊಲಿಕ್ ಧರ್ಮದಲ್ಲಿ ಮರಿಯಮ್ಮ ದೇವರಲ್ಲ. ಆರಾಧನೆ ಸಲ್ಲುವುದು ದೇವರೊಬ್ಬನಿಗೇ. ಮರಿಯಮ್ಮನನ್ನು ಕೇಳಿಕೊಳ್ಳುವುದು, ನಮಗಾಗಿ ನಿನ್ನ ಮಗನ ಬಳಿ ಒಂದು ಮಾತು ಹೇಳು ಎಂದು. ಮನೆಯಲ್ಲಿ ಅಪ್ಪನ ಹತ್ತಿರ ನೇರವಾಗಿ ಕೇಳಲು ಅಂಜುವ ಮಕ್ಕಳು ಅಮ್ಮನ ಸೆರಗು ಹಿಡಿಯುವುದಿಲ್ಲವೇ, ಹಾಗೆ. ಕನ್ನಡದ ಕ್ರೈಸ್ತರು 'ನಮೋ ಮರಿಯ' ಎಂದು ಕರೆಯುವ ಜಪ, ಅದನ್ನು ಮಣಿಗಳ ಮೇಲೆ ಎಣಿಸುವ ಜಪಮಾಲೆ, ಒಬ್ಬರು ಮರಿಯಮ್ಮನ ಒಂದೊಂದೇ ಬಿರುದು ಹೇಳಿ ಉಳಿದವರು ಪ್ರತಿ ಬಾರಿಯೂ ನಮಗಾಗಿ ಪ್ರಾರ್ಥಿಸು ಎಂದು ಉತ್ತರ ಕೊಡುವ 'ಲಿತನಿ', ಇವೆಲ್ಲ ಗುಂಪಾಗಿ ಮಾಡಲು ಹೇಳಿಸಿದಂತಹ ಪ್ರಾರ್ಥನೆಗಳು. ಪೋಪ್ ಐದನೆಯ ಸಿಕ್ಸ್ಟಸ್ 1587ರಲ್ಲಿ ಅನುಮೋದಿಸಿದ ಲಿತನಿಯಲ್ಲಿ ಮರಿಯಮ್ಮನಿಗೆ ರೋಗಿಗಳ ಆರೋಗ್ಯ ಎಂಬ ಬಿರುದೂ ಇದೆ. ವೆನಿಸ್‌ನ ಚರ್ಚಿಗೆ ಹೆಸರು ಬಂದ ಭಾವ ಅಲ್ಲಿಯದೇ.

ಇಂಥ ಪ್ರಾರ್ಥನೆ ಎಷ್ಟು ಹಳೆಯದು? ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಜಾನ್ ರೈಲ್ಯಾಂಡ್ಸ್ ಗ್ರಂಥಾಲಯದಲ್ಲಿ ಈಜಿಪ್ಟಿನಿಂದ ಬಂದ ಪಪೈರಸ್ಸಿನ ತುಂಡೊಂದಿದೆ. ಅಂಗೈಗಿಂತ ದೊಡ್ಡದೇನಲ್ಲ. 1938ರಲ್ಲಿ ಅದನ್ನು ಓದಿ ಪ್ರಕಟಿಸಿದಾಗ, ಮರಿಯಮ್ಮನ ಆಶ್ರಯ ಕೋರುವ ಗ್ರೀಕ್ ಪ್ರಾರ್ಥನೆ ಅದರಲ್ಲಿರುವುದು ಬೆಳಕಿಗೆ ಬಂತು. ಅದು 3ನೇ ಶತಮಾನದ್ದೆಂದು ಕೆಲವರು, ಅದಕ್ಕಿಂತ ಬಹಳ ಈಚಿನದೆಂದು ಇನ್ನು ಕೆಲವರು ವಾದಿಸುತ್ತ ಬಂದಿದ್ದಾರೆ. ಕಾಲ ಯಾವುದೇ ಇರಲಿ, ಆ ಪ್ರಾರ್ಥನೆ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ 'ನಾನು' ಎಂಬ ಮಾತೇ ಇಲ್ಲ, ಇರುವುದೆಲ್ಲ 'ನಾವು'. ಆಪತ್ತಿನಲ್ಲಿ ಸಿಲುಕಿದ ಒಂದು ಗುಂಪು ಒಟ್ಟಾಗಿ ಮೊರೆಯಿಡುವ ಧಾಟಿ.

ಯುದ್ಧದ ಕಾಲದಲ್ಲಿ ಈ ಧಾಟಿಯ ಬಳಕೆ ವೆನಿಸ್‌ಗೆ ಚೆನ್ನಾಗಿ ಗೊತ್ತಿತ್ತು. 1571ರ ಅಕ್ಟೋಬರ್ 7ರಂದು ಲೆಪಾಂಟೊ ಬಳಿ ತುರ್ಕರ ನೌಕಾಪಡೆಯನ್ನು ಕ್ರೈಸ್ತ ಒಕ್ಕೂಟ ಸೋಲಿಸಿದಾಗ, ಪೋಪ್ ಐದನೆಯ ಪಿಯುಸ್ ಅದನ್ನು ಜಪಮಾಲೆಯ ಫಲವೆಂದು ಬಗೆದ. ಮುಂದೆ ಆ ದಿನವೇ ಜಪಮಾಲೆ ಮಾತೆಯ ಹಬ್ಬವಾಯಿತು. ಲೆಪಾಂಟೊದಲ್ಲಿ ಕಾದಿದ ಹಡಗುಗಳಲ್ಲಿ ವೆನಿಸ್‌ನವೇ ಹೆಚ್ಚು. ನಮ್ಮ ಮಂಗಳೂರಿನಲ್ಲಿ ಪೋರ್ಚುಗೀಸರು ಕಟ್ಟಿಸಿದ ರೊಸಾರಿಯೊ ಇಗರ್ಜಿಯ ಹೆಸರೂ ಇದೇ ಜಪಮಾಲೆಯದು. ಅದು ಆರಂಭವಾದದ್ದು 1568ರಲ್ಲಿ, ಲೆಪಾಂಟೊ ಕದನಕ್ಕೂ ಮೂರು ವರ್ಷ ಮೊದಲೇ.

ಗುಂಪು ಸೇರುವುದು ಸರಿಯೇ?

ಈಗಿನ ಓದುಗರಿಗೆ ತಟ್ಟನೆ ಹೊಳೆಯುವ ಪ್ರಶ್ನೆ ಇದು. ಮುಟ್ಟಿದರೆ ಹತ್ತುವ ರೋಗ ಎಂದು ರಾಯಭಾರಿಯನ್ನೇ ದ್ವೀಪದಲ್ಲಿ ಕೂರಿಸಿದ ಸರ್ಕಾರ, ವಾರವಾರವೂ ಚೌಕದಲ್ಲಿ ಜನ ಸೇರಿಸಬಹುದಿತ್ತೇ? ಈ ಪ್ರಶ್ನೆ ಆ ಕಾಲದವರಿಗೂ ಹೊಳೆದಿತ್ತು. ಅದೇ 1630ರ ಜೂನ್ 11ರಂದು ಮಿಲಾನ್ ನಗರದಲ್ಲಿ ಸಂತ ಚಾರ್ಲ್ಸ್ ಬೊರೊಮಿಯೊರವರ ಪಾರ್ಥಿವ ಶರೀರವನ್ನು ಮೆರವಣಿಗೆ ಮಾಡಿದರು. ಜನ ಸೇರಿದರೆ ರೋಗ ಹೆಚ್ಚೀತೆಂದು ಅಲ್ಲಿನ ಕಾರ್ಡಿನಲ್ ಫೆಡೆರಿಕೊ ಬೊರೊಮಿಯೊ ಮೊದಲು ಒಪ್ಪಿರಲಿಲ್ಲ, ಒತ್ತಾಯಕ್ಕೆ ಮಣಿದರು. ಮೆರವಣಿಗೆಯ ಬೆನ್ನಿಗೇ ಸಾವಿನ ಸಂಖ್ಯೆ ಏರಿತು. ಅಲೆಸಾಂಡ್ರೊ ಮಾಂಜೋನಿಯ ಪ್ರಸಿದ್ಧ ಕಾದಂಬರಿ 'ಇ ಪ್ರೊಮೆಸ್ಸಿ ಸ್ಪೋಸಿ'ಯಲ್ಲಿ ಈ ಪ್ರಸಂಗ ಬರುತ್ತದೆ. ಮರುವರ್ಷ ಫ್ಲಾರೆನ್ಸ್ ಸೀಮೆಯ ಮಾಂಟೆಲೂಪೊ ಎಂಬ ಸಣ್ಣ ಊರಿನಲ್ಲಿ, ಆರೋಗ್ಯಾಧಿಕಾರಿಗಳ ನಿಷೇಧವನ್ನು ಮೀರಿ ಮೆರವಣಿಗೆ ನಡೆದು ದೊಡ್ಡ ರಂಪವಾಯಿತು. ಸ್ವಾರಸ್ಯವೆಂದರೆ ಅಲ್ಲಿ ಆರೋಗ್ಯಾಧಿಕಾರಿಯ ಕೆಲಸ ನೋಡುತ್ತಿದ್ದಾತ ಕೂಡ ಒಬ್ಬ ಸನ್ಯಾಸಿಯೇ. ಹೀಗಾಗಿ ಇದನ್ನು ಧರ್ಮ ಒಂದು ಕಡೆ, ವಿಜ್ಞಾನ ಇನ್ನೊಂದು ಕಡೆ ಎಂದು ಗೆರೆ ಎಳೆದು ನೋಡಲಾಗದು. ಗೆರೆ ಇದ್ದದ್ದು ಒಂದೇ ಊರಿನ, ಒಂದೇ ನಂಬಿಕೆಯ ಜನರ ನಡುವೆ, ಕೆಲವೊಮ್ಮೆ ಒಬ್ಬನೇ ಮನುಷ್ಯನ ಮನಸ್ಸಿನೊಳಗೆ.

ವೆನಿಸ್‌ನಲ್ಲಿ ಏನಾಯಿತು? ಹರಕೆ ಹೊತ್ತ ಮಾರನೆಯ ದಿನವೇ ಪ್ಲೇಗ್ ಮಾಯವಾಯಿತೆಂದು ಭಕ್ತಿಯ ಪುಸ್ತಿಕೆಗಳಲ್ಲಿ ಓದಲು ಹಿತವಾಗಿರುತ್ತದೆ. ದಾಖಲೆಗಳು ಬೇರೆಯೇ ಹೇಳುತ್ತವೆ. ಹರಕೆಯ ಮರುತಿಂಗಳಾದ ನವೆಂಬರೇ ಇಡೀ ಪ್ಲೇಗಿನ ಅತಿ ಭೀಕರ ತಿಂಗಳು. ಆ ಒಂದು ತಿಂಗಳಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ಹೆಣ ಬಿದ್ದವು. ಅಂದರೆ ಹದಿನೈದು ಶನಿವಾರಗಳಲ್ಲಿ ಮೊದಲ ಐದಾರು ಶನಿವಾರ ನಡೆದದ್ದು ಸಾವಿನ ನಟ್ಟನಡುವೆ. ಕಳೆದ ವಾರ ಪಕ್ಕದಲ್ಲಿ ನಿಂತು ಲಿತನಿಗೆ ದನಿಗೂಡಿಸಿದವರು ಈ ವಾರ ಇರುತ್ತಿರಲಿಲ್ಲ. ಆದರೂ ಮೆರವಣಿಗೆ ನಿಲ್ಲಲಿಲ್ಲ. ಫಲ ಸಿಕ್ಕಿದ್ದರಿಂದ ಮುಂದುವರಿದ ಪ್ರಾರ್ಥನೆಯಲ್ಲ ಅದು. ಫಲದ ಸುಳಿವೇ ಇಲ್ಲದಿದ್ದಾಗ ಮುಂದುವರಿದದ್ದು. ಅದೇ ಹೊತ್ತಿಗೆ ಆರೋಗ್ಯ ಮಂಡಳಿಯ ಕೆಲಸವೂ ನಿಂತಿರಲಿಲ್ಲ. ರೋಗಿಗಳನ್ನು ದೋಣಿಗಳಲ್ಲಿ ದ್ವೀಪದ ಆಸ್ಪತ್ರೆಗೆ ಸಾಗಿಸುವುದು, ಸೋಂಕಿನ ಮನೆಗಳನ್ನು ಮುಚ್ಚುವುದು, ಬಟ್ಟೆಬರೆ ಸುಡುವುದು ನಡೆದೇ ಇತ್ತು.

1631ರ ಮಾರ್ಚ್ 25ರಂದು, ಅಂದರೆ ಊರಿನ ಹುಟ್ಟುಹಬ್ಬದಂದೇ, ಚರ್ಚಿನ ಶಂಕುಸ್ಥಾಪನೆ ಆಗಬೇಕಿತ್ತು. ಡೋಜೆಗೆ ಕಾಯಿಲೆ. ಒಂದು ವಾರ ಮುಂದೂಡಿದರು. ಏಪ್ರಿಲ್ 1ರಂದು ಕೊಂಟಾರಿನಿ ಮೊದಲ ಕಲ್ಲಿಟ್ಟ. ಏಪ್ರಿಲ್ 2ರಂದು ತೀರಿಕೊಂಡ. ವೆನಿಸ್‌ನ ಧರ್ಮಪೀಠದ ಮುಖ್ಯಸ್ಥ ಜೊವಾನ್ನಿ ತಿಯೆಪೊಲೊ ಮರುತಿಂಗಳು ಹೊರಟುಹೋದರು. ಹರಕೆ ಹೊತ್ತ ಇಬ್ಬರು ಹಿರಿಯರಿಗೂ ಅದು ತೀರುವುದನ್ನು ನೋಡುವ ಭಾಗ್ಯವಿರಲಿಲ್ಲ.

ಆ ನವೆಂಬರಿನಲ್ಲಿ ನಗರ ರೋಗಮುಕ್ತವೆಂದು ಘೋಷಣೆಯಾಯಿತು. ಕೃತಜ್ಞತೆಯ ಬಲಿಪೂಜೆಗೆ ಸಂಗೀತ ನಡೆಸಿದಾತ ಸಂತ ಮಾರ್ಕನ ಬೆಸಿಲಿಕಾದ ಸಂಗೀತ ನಿರ್ದೇಶಕ ಕ್ಲಾಡಿಯೊ ಮೊಂಟೆವೆರ್ದಿ. ವೆನಿಸ್‌ಗೆ ಬರುವ ಮುನ್ನ ಎಷ್ಟೋ ವರ್ಷ ಮಾಂಟುವಾದ ಆಸ್ಥಾನದಲ್ಲಿದ್ದವನು. ಅದೇ ಮಾಂಟುವಾ 1630ರ ಜುಲೈನಲ್ಲಿ ಲೂಟಿಯಾಗಿ ಹಾಳುಬಿದ್ದಿತ್ತು. ಆ ದಿನ ಚರ್ಚಿನೊಳಗೆ ತುತ್ತೂರಿಗಳ ನಾದವೂ ಮೊಳಗಿತೆಂದು ಆಗಿನವರು ಬರೆದಿಟ್ಟಿದ್ದಾರೆ. ಮೊಂಟೆವೆರ್ದಿ 1632ರಲ್ಲಿ ಗುರುದೀಕ್ಷೆ ಪಡೆದ.

ನೀರಿನ ಮೇಲೊಂದು ಕಿರೀಟ

ಚರ್ಚಿನ ನಕ್ಷೆಗೆ ಸ್ಪರ್ಧೆ ಏರ್ಪಟ್ಟಿತ್ತು. ಗೆದ್ದವನು ಬಾಲ್ದಸ್ಸಾರೆ ಲೊಂಗೆನಾ, ಮೂವತ್ತರ ಆಸುಪಾಸಿನ ತರುಣ. ಮರಿಯಮ್ಮನ ಚರ್ಚು ಆದ್ದರಿಂದ ಅದನ್ನು ಕಿರೀಟದ ಆಕಾರದಲ್ಲಿ ದುಂಡಗೆ ಕಲ್ಪಿಸಿಕೊಂಡೆ ಎಂಬುದು ಅವನ ವಿವರಣೆ. ಎಂಟು ಮೂಲೆಯ ಕಟ್ಟಡ, ಮೇಲೆ ದೊಡ್ಡ ಗುಮ್ಮಟ, ಗುಮ್ಮಟದ ಭಾರಕ್ಕೆ ಆನಿಕೆಯಾಗಿ ಸುತ್ತಲೂ ಶಂಖದ ಸುರುಳಿಯಂಥ ಕಲ್ಲಿನ ಕಟ್ಟಣೆ. ವೆನಿಸ್‌ನವರು ತಮಾಷೆಗೆ ಇವನ್ನು 'ದೊಡ್ಡ ಕಿವಿಗಳು' ಎನ್ನುತ್ತಾರೆ. ವೆನಿಸ್‌ನ ನೆಲ ಕೆಸರು. ಅಷ್ಟು ಭಾರ ಹೊರಲು ಹತ್ತು ಲಕ್ಷಕ್ಕೂ ಹೆಚ್ಚು ಮರದ ಕಂಬಗಳನ್ನು ಕೆಸರಿನೊಳಗೆ ಹೊಡೆದು, ಅದರ ಮೇಲೆ ಬುನಾದಿ ಹಾಕಿದರು. ಗಾಳಿ ತಾಗದ ಕಡೆ ಮರ ಸುಲಭಕ್ಕೆ ಕೊಳೆಯದು. ಆ ಕಂಬಗಳೇ ಇಂದಿಗೂ ಚರ್ಚನ್ನು ಹೊತ್ತಿವೆ.

ಕೆಲಸ ಅರ್ಧ ಶತಮಾನ ಹಿಡಿಯಿತು. ಸೆನೆಟ್ ಮೊದಲು ಹಾಕಿದ್ದ ಲೆಕ್ಕಕ್ಕಿಂತ ಖರ್ಚು ಎಷ್ಟೋ ಪಟ್ಟು ಮೀರಿತು. ಲೊಂಗೆನಾ 1682ರಲ್ಲಿ ತೀರಿಕೊಂಡ. ಚರ್ಚಿನ ಪ್ರತಿಷ್ಠೆಯಾದದ್ದು 1687ರ ನವೆಂಬರ್ 9ರಂದು. ಹರಕೆಯ ಮಾತು ಕೇಳಿದ್ದ ತಲೆಮಾರಿನವರಲ್ಲಿ ಆಗ ಉಳಿದವರು ಬೆರಳೆಣಿಕೆಯಷ್ಟಿರಬೇಕು. ಪೂಜೆಯ ಹೊಣೆಯನ್ನು ಅನಾಥ ಮಕ್ಕಳ ಪಾಲನೆಗೆ ಹೆಸರಾದ ಸೊಮಾಸ್ಕಿ ಗುರುಗಳ ಸಭೆಗೆ ವಹಿಸಿದರು. ಪ್ಲೇಗ್ ದಾಟಿದ ಊರಿನಲ್ಲಿ ಅನಾಥರಿಗೇನು ಕೊರತೆಯಿರಲಿಲ್ಲ.

ಈ ನಡುವೆ ಇನ್ನೊಂದು ಸಂಕಟ ಇದರೊಡನೆ ಬಂದು ಸೇರಿಕೊಂಡಿತು. ಕ್ರೀಟ್ ದ್ವೀಪದ ಕ್ಯಾಂಡಿಯಾ ಪಟ್ಟಣಕ್ಕೆ ತುರ್ಕರು ಹಾಕಿದ ಮುತ್ತಿಗೆ 1648ರಿಂದ 1669ರವರೆಗೆ ಇಪ್ಪತ್ತೊಂದು ವರ್ಷ ನಡೆದು, ಕೊನೆಗೆ ವೆನಿಸ್ ಶರಣಾಯಿತು. ಸೇನಾಪತಿ ಫ್ರಾಂಚೆಸ್ಕೊ ಮೊರೊಸಿನಿ ದ್ವೀಪ ಬಿಟ್ಟು ಬರುವಾಗ ಅಲ್ಲಿನ ಚರ್ಚಿನಲ್ಲಿ ಪೂಜೆಗೊಳ್ಳುತ್ತಿದ್ದ ಮರಿಯಮ್ಮನ ಕಪ್ಪು ಮೋರೆಯ ಪಟವನ್ನೂ ಜತೆಗೆ ತಂದ. 'ಮೆಸೊಪಾಂದಿತಿಸ್ಸಾ', ಅಂದರೆ ನಡುವೆ ನಿಂತು ಸಂಧಿ ಮಾಡಿಸುವವಳು ಎಂದು ಅದರ ಹೆಸರು. 1670ರಲ್ಲಿ ಅದು ಸಲೂತೆ ಚರ್ಚಿನ ಮುಖ್ಯ ಪೀಠವೇರಿತು. ಹೀಗೆ ರೋಗ ಗೆದ್ದ ಚರ್ಚಿನಲ್ಲಿ, ಯುದ್ಧ ಸೋತ ಊರಿನ ಪಟ.

ಆ ಪಟದ ಮೇಲ್ಗಡೆ ಶಿಲ್ಪಿ ಜುಸ್ತೊ ಲೆ ಕೋರ್ತ್ ಕಡೆದ ಅಮೃತಶಿಲೆಯ ಪ್ರತಿಮೆಗಳಿವೆ. ನಡುವೆ ಮಗುವನ್ನೆತ್ತಿಕೊಂಡ ಮರಿಯಮ್ಮ. ಒಂದು ಬದಿಗೆ ಮೊಣಕಾಲೂರಿ ಬೇಡುವ ಸಿರಿವಂತ ಹೆಣ್ಣು. ಆಕೆಯೇ ವೆನಿಸ್ ನಗರ. ಇನ್ನೊಂದು ಬದಿಗೆ ಜೋತುಬಿದ್ದ ಮೈಯ ವಿಕಾರದ ಮುದುಕಿ, ಆಕೆಯೇ ಪ್ಲೇಗ್. ಉರಿವ ಪಂಜು ಹಿಡಿದ ಪುಟ್ಟ ದೇವದೂತನೊಬ್ಬ ಅವಳನ್ನು ಅಟ್ಟುತ್ತಿದ್ದಾನೆ. ಈ ಶಿಲ್ಪದ ಮುಂದೆ ಕನ್ನಡಿಗನೊಬ್ಬ ನಿಂತರೆ ಅವನಿಗೆ ಬೇರೊಂದು ನೆನಪಾಗುವುದು ಸಹಜ. 1898ರಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ, ನಮ್ಮ ಜನ ಆ ರೋಗವನ್ನೇ ಅಮ್ಮನೆಂದು ಕರೆದು, ಪ್ಲೇಗಿನಮ್ಮ, ಪ್ಲೇಗ್ ಮಾರಮ್ಮ ಎಂದು ಗುಡಿ ಕಟ್ಟಿ, ಮಡಿಲು ತುಂಬಿ, ತಂಪೆರೆದು ಸಮಾಧಾನ ಮಾಡಿದರು. ವೆನಿಸ್‌ನಲ್ಲಿ ತಾಯಿ ಬೇರೆ, ಮಾರಿ ಬೇರೆ. ತಾಯಿ ಮಾರಿಯನ್ನು ಓಡಿಸುತ್ತಾಳೆ. ಇಲ್ಲಿ ಮಾರಿಯೇ ತಾಯಿ. ಭಯ ಒಂದೇ ಆದರೂ ಅದಕ್ಕೆ ಮುಖ ಕೊಡುವ ಬಗೆ ಎಷ್ಟು ಭಿನ್ನ! ಇನ್ನು ಆರೋಗ್ಯಮಾತೆ ಎಂಬ ಹೆಸರು ನಮಗೇನೂ ಹೊಸದಲ್ಲ. ತಮಿಳುನಾಡಿನ ವೇಳಾಂಗಣಿಯಲ್ಲಿ ಅದೇ ಹೆಸರಿನಿಂದ ಮರಿಯಮ್ಮ ನೆಲೆಸಿದ್ದಾಳೆ, ಸೆಪ್ಟೆಂಬರ್ 8ರ ಹಬ್ಬಕ್ಕೆ ಕರ್ನಾಟಕದಿಂದಲೂ ಭಕ್ತರು ಹೋಗುತ್ತಾರೆ. ಹೋಗುವವರಲ್ಲಿ ಎಲ್ಲರೂ ಕ್ರೈಸ್ತರಲ್ಲ.

ಕುರಿಮಾಂಸದ ಸಾರು, ಮೇಣದ ಬತ್ತಿ

ವೆನಿಸ್‌ನ ಹಬ್ಬಕ್ಕೆ ಅದರದೇ ಆದ ಅಡುಗೆಯೂ ಇದೆ. ಹೊಗೆಯಲ್ಲಿ ಒಣಗಿಸಿದ ಕುರಿಮಾಂಸವನ್ನು ಎಲೆಕೋಸಿನ ಜತೆ ಗಂಟೆಗಟ್ಟಲೆ ಬೇಯಿಸಿದ 'ಕಾಸ್ತ್ರಾದಿನಾ' ಎಂಬ ಸಾರು. ಊರೆಲ್ಲ ದಿಗ್ಬಂಧನದಲ್ಲಿದ್ದಾಗ ಸಮುದ್ರದಾಚೆಯ ದಾಲ್ಮೇಶಿಯಾದವರು ಮಾತ್ರ ಈ ಮಾಂಸ ತಂದು ಕೊಟ್ಟರು, ಆ ಋಣಕ್ಕೆ ಇಂದಿಗೂ ಇದನ್ನು ಉಣ್ಣುತ್ತೇವೆ ಎಂದು ಜನ ಹೇಳಿಕೊಳ್ಳುತ್ತಾರೆ. ಹಬ್ಬದ ದಿನಗಳಲ್ಲಲ್ಲದೆ ಬೇರೆ ಸಮಯದಲ್ಲಿ ಅದು ಸಿಗುವುದು ಅಪರೂಪ.

1797ರಲ್ಲಿ ನೆಪೋಲಿಯನ್ ವೆನಿಸ್ ಗಣರಾಜ್ಯವನ್ನು ಮುಗಿಸಿದ. ಡೋಜೆ ಇಲ್ಲ, ಸೆನೆಟ್ ಇಲ್ಲ. ಪ್ರತಿ ವರ್ಷ ಹೋಗುತ್ತೇವೆ ಎಂದು ಮಾತು ಕೊಟ್ಟಿದ್ದವರು ಅವರೇ. ಅವರ ನಂತರ ಫ್ರೆಂಚರು, ಆಸ್ಟ್ರಿಯನ್ನರು, ಇಟಲಿಯ ಅರಸರು ಆಳಿಹೋದರು. ಮಾತನ್ನು ಊರಿನ ಜನರೇ ವಹಿಸಿಕೊಂಡರು. 2019ರ ನವೆಂಬರ್ 12ರ ರಾತ್ರಿ ಸಮುದ್ರ 187 ಸೆಂಟಿಮೀಟರ್ ಏರಿ ವೆನಿಸನ್ನು ಮುಳುಗಿಸಿತ್ತು. ಅಂಗಡಿಗಳ ಕೆಸರು ಬಳಿಯುವ ಕೆಲಸ ಮುಗಿಯುವ ಮೊದಲೇ, ಒಂಬತ್ತು ದಿನಗಳ ನಂತರ ಜನ ಬತ್ತಿ ಹಿಡಿದು ಸೇತುವೆ ದಾಟಿದರು.

ಮರುವರ್ಷ ಬಂದದ್ದು ಕೊರೊನಾ. 2020ರ ಮಾರ್ಚ್ 27ರ ಸಂಜೆ, ಮಳೆಯಲ್ಲಿ, ಒಬ್ಬರೂ ಇಲ್ಲದ ಸಂತ ಪೇತ್ರರ ಚೌಕದಲ್ಲಿ ಪೋಪ್ ಫ್ರಾನ್ಸಿಸ್ ಒಂಟಿಯಾಗಿ ನಿಂತು ಪ್ರಾರ್ಥಿಸಿದ್ದನ್ನು ಜಗತ್ತು ಟಿ.ವಿ.ಯಲ್ಲಿ ನೋಡಿತು. ಅವರ ಬಳಿ ಇರಿಸಿದ್ದು 1522ರ ಪ್ಲೇಗಿನಲ್ಲಿ ರೋಮಿನ ಬೀದಿಗಳಲ್ಲಿ ಮೆರವಣಿಗೆ ಮಾಡಿದ್ದ ಶಿಲುಬೆ, ಮತ್ತು ರೋಮಿನ ಜನರ ಆರೋಗ್ಯ ಎಂದೇ ಹೆಸರಾದ ಮರಿಯಮ್ಮನ ಪಟ. ಸಾಮೂಹಿಕ ಪ್ರಾರ್ಥನೆಯ ಚರಿತ್ರೆಯಲ್ಲಿ ಸಮೂಹವೇ ಇಲ್ಲದ ಸಂಜೆ ಅದು. 1630ರ ಪ್ರಶ್ನೆಗೆ ಈ ಬಾರಿ ಚರ್ಚು ಕೊಟ್ಟ ಉತ್ತರ ಬೇರೆಯಾಗಿತ್ತು.

ಆ ವರ್ಷದ ನವೆಂಬರ್ 21ರಂದು ವೆನಿಸ್‌ನಲ್ಲಿ ತೇಲು ಸೇತುವೆ ಕಟ್ಟಲಿಲ್ಲ, ಜಾತ್ರೆಯೂ ಇರಲಿಲ್ಲ. ಪ್ಲೇಗಿನಿಂದ ಪಾರಾದ ನೆನಪಿನ ಹಬ್ಬಕ್ಕೆ ಇನ್ನೊಂದು ಪಿಡುಗೇ ಅಡ್ಡಬಂದಿತ್ತು. ಚರ್ಚಿನ ಬಾಗಿಲು ಮಾತ್ರ ತೆರೆದಿತ್ತು. ಮುಖಗವಸು ಹಾಕಿಕೊಂಡು, ಸುತ್ತುದಾರಿಯಲ್ಲಿ ಇನ್ನೊಂದು ಸೇತುವೆ ಬಳಸಿ ಬಂದವರು ಬತ್ತಿ ಕೊಟ್ಟು ಹೋದರು. 2021ರಲ್ಲಿ ಸೇತುವೆ ಮತ್ತೆ ಕಾಲುವೆಯ ಮೇಲೆ ಬಂತು.